ಒಂದು ಕುರಿ, ಒಂದು ಡಾಲರ್, ಒಂದು ದ್ವೀಪ

ಆಂಟಿಗುವಾ ಎಂದೊಡನೆ ಅಜ್ಜ-ಅಜ್ಜಿಯರಿಗೆ ನೆನಪಾಗುವುದು ನಮ್ಮ ಅನಿಲ್ ಕುಂಬ್ಳೆ. 2002ರ ಮೇ ತಿಂಗಳು. ಮರ್ವಿನ್ ಡಿಲ್ಲನ್ ಹಾಕಿದ ಚೆಂಡು ಬಡಿದು ಕುಂಬ್ಳೆಯವರ ದವಡೆ ಮುರಿದಿತ್ತು. ಆದರೂ ಮುಖಕ್ಕೂ ತಲೆಗೂ ಸೇರಿಸಿ ಬ್ಯಾಂಡೇಜು ಬಿಗಿದುಕೊಂಡು ಮೈದಾನಕ್ಕೆ ಇಳಿದರು, ಸತತವಾಗಿ 14 ಓವರ್ ಬೌಲ್ ಮಾಡಿದರು, ಬ್ರಯಾನ್ ಲಾರಾರಂಥ ಬ್ಯಾಟ್ಸ್‌ಮನ್‌ನನ್ನು ಎಲ್‌ಬಿಡಬ್ಲ್ಯು ಮಾಡಿದರು. ಮೊಮ್ಮಕ್ಕಳಿಗೆ ಇದೇ ಆಂಟಿಗುವಾ ಇನ್ನೊಂದು ಕಾರಣಕ್ಕೆ ಗೊತ್ತು. 2016ರಲ್ಲಿ ವಿರಾಟ್ ಕೊಹ್ಲಿ ತಮ್ಮ ಮೊದಲ ಟೆಸ್ಟ್ ದ್ವಿಶತಕ ಹೊಡೆದದ್ದು ಅಲ್ಲಿಯ ವಿವಿಯನ್ ರಿಚರ್ಡ್ಸ್ ಕ್ರೀಡಾಂಗಣದಲ್ಲಿ. ಆಗ ತಂಡದ ಕೋಚ್ ಯಾರು ಗೊತ್ತೇ? ಅದೇ ಕುಂಬ್ಳೆ!

ಆದರೆ ಆ ದೇಶದ ಪೂರ್ತಿ ಹೆಸರು ಬರೀ ಆಂಟಿಗುವಾ ಅಲ್ಲ, ‘ಆಂಟಿಗುವಾ ಮತ್ತು ಬಾರ್ಬುಡಾ’. ಕ್ರಿಕೆಟ್ಟು, ಹಡಗು, ಹೋಟೆಲು ಎಲ್ಲ ಮೊದಲ ಹೆಸರಿನ ಪಾಲಾದವು. ಎರಡನೇ ಹೆಸರಿನ ದ್ವೀಪವನ್ನು ಕೇಳಿದವರು ಕಡಿಮೆ. ಈ ವಾರ ಅಲ್ಲಿಗೆ ಹೋಗಿಬರೋಣ. ಯಾಕೆಂದರೆ ಆ ದ್ವೀಪದಲ್ಲಿ ತೀರ ಈಚಿನವರೆಗೆ ಒಂದು ವಿಚಿತ್ರ ವ್ಯವಸ್ಥೆ ಇತ್ತು. ಅಲ್ಲಿ ಸೈಟು ಮಾರುವ ಹಾಗಿರಲಿಲ್ಲ. ಕೊಳ್ಳುವ ಹಾಗೂ ಇರಲಿಲ್ಲ. ಚದರ ಅಡಿಗೆ ಎಷ್ಟು ಎಂದು ಕೇಳಿದರೆ ಉತ್ತರವೇ ಇಲ್ಲ!

ಒಂದೇ ಊರಿನ ದ್ವೀಪ

ಭೂಪಟ ತೆಗೆದು ನೋಡಿ. ಉತ್ತರ ಅಮೆರಿಕ, ದಕ್ಷಿಣ ಅಮೆರಿಕ ಎರಡರ ನಡುವೆ ಕೆರಿಬಿಯನ್ ಸಮುದ್ರ. ಅದರ ಪೂರ್ವದ ಅಂಚಿನಲ್ಲಿ ಹರಿದ ಮಣಿಸರದ ಹಾಗೆ ಸಣ್ಣ ಸಣ್ಣ ದ್ವೀಪಗಳ ಸಾಲಿದೆ. ಅವುಗಳಲ್ಲಿ ಆಂಟಿಗುವಾ ಒಂದು. ಅಲ್ಲಿಂದ ಉತ್ತರಕ್ಕೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಬಾರ್ಬುಡಾ. ಪುಟ್ಟ ವಿಮಾನದಲ್ಲಿ ಕಾಲು ಗಂಟೆ ಚಿಲ್ಲರೆ, ದೋಣಿಯಲ್ಲಾದರೆ ಸುಮಾರು ಒಂದೂವರೆ ಗಂಟೆಯ ಹಾದಿ.

ವಿಸ್ತೀರ್ಣ 161 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರದ ಕಾಲು ಭಾಗವೂ ಅಲ್ಲ. ಅಷ್ಟಗಲ ನೆಲದಲ್ಲಿ ವಾಸವಾಗಿರುವವರು ಎರಡು ಸಾವಿರಕ್ಕೂ ಕಡಿಮೆ ಜನ. ಬೆಂಗಳೂರಿನ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇದಕ್ಕಿಂತ ಹೆಚ್ಚು ಜನ ಇರುತ್ತಾರೆ. ಇಡೀ ದ್ವೀಪಕ್ಕೆ ಇರುವುದು ಒಂದೇ ಊರು, ಕಾಡ್ರಿಂಗ್ಟನ್. ಎಲ್ಲರೂ ಅಲ್ಲೇ ಮನೆ ಕಟ್ಟಿಕೊಂಡಿರುತ್ತಾರೆ. ಉಳಿದ ನೆಲ ಕುರುಚಲು ಕಾಡು, ಹುಲ್ಲುಗಾವಲು, ಗುಹೆಗಳು, ಕಡಲತೀರ. ಕೆಲವು ಕಡೆ ಮರಳು ನಸುಗುಲಾಬಿ ಬಣ್ಣಕ್ಕಿದೆ. ಕತ್ತೆಗಳು, ಕುದುರೆಗಳು ಹೇಳುವವರು ಕೇಳುವವರು ಇಲ್ಲದೆ ತಿರುಗಾಡುತ್ತವೆ. ಹಿಂದೆ ಯಾರೋ ತಂದು ಬಿಟ್ಟ ಜಿಂಕೆಗಳ ಸಂತತಿಯೂ ಇದೆ. ಆ ದೇಶದ ಲಾಂಛನದಲ್ಲಿ ಎರಡೂ ಪಕ್ಕದಲ್ಲಿ ನಿಂತಿರುವುದು ಇದೇ ಜಿಂಕೆ.

ಬೆಟ್ಟ ಎನ್ನುವಂಥದ್ದು ಇಲ್ಲ. ದ್ವೀಪ ಹವಳ ಮತ್ತು ಸುಣ್ಣಕಲ್ಲಿನಿಂದ ಆದದ್ದು. ಅತಿ ಎತ್ತರದ ಜಾಗವೂ ಐವತ್ತು ಮೀಟರ್ ಮುಟ್ಟುವುದಿಲ್ಲ. ಮಣ್ಣು ತೆಳು, ಮಳೆ ಕಡಿಮೆ. ಈ ಬಡ ಮಣ್ಣಿನ ವಿಷಯ ನೆನಪಿಟ್ಟುಕೊಳ್ಳಿ ಮಕ್ಕಳೇ, ಕತೆಯಲ್ಲಿ ಮುಂದೆ ಬರುತ್ತದೆ.

ಬಾಡಿಗೆ: ಒಂದು ಕೊಬ್ಬಿದ ಕುರಿ

ಹದಿನೇಳನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜರು ಈ ಕಡೆಯ ದ್ವೀಪಗಳನ್ನೆಲ್ಲ ತಮ್ಮದೇ ಎಂದುಕೊಂಡು ಬೇಕಾದವರಿಗೆ ಹಂಚುತ್ತಿದ್ದರು. 1685ರಲ್ಲಿ ಬಾರ್ಬುಡಾವನ್ನು ಕಾಡ್ರಿಂಗ್ಟನ್ ಎಂಬ ಶ್ರೀಮಂತ ಮನೆತನಕ್ಕೆ ಗುತ್ತಿಗೆ ಕೊಟ್ಟರು. ಊರಿಗೆ ಆ ಹೆಸರು ಬಂದದ್ದು ಹಾಗೆ. 1705ರಲ್ಲಿ ಗುತ್ತಿಗೆ ಹೊಸದಾಯಿತು. ಆಗ ರಾಣಿ ಆನ್ ಪಟ್ಟದಲ್ಲಿದ್ದಳು. ಇಡೀ ದ್ವೀಪಕ್ಕೆ ವರ್ಷದ ಬಾಡಿಗೆ ಎಷ್ಟು ಎಂದು ಬರೆದಿದ್ದರು ಊಹಿಸಿ. ಒಂದು ಕೊಬ್ಬಿದ ಕುರಿ! ಅದೂ ರಾಣಿ ಕೇಳಿದರೆ ಮಾತ್ರ.

ನಗು ಬರುತ್ತದೆ. ಆದರೆ ಅದರ ಹಿಂದಿರುವ ಸಂಗತಿ ನಗುವಂಥದ್ದಲ್ಲ. ಕಾಡ್ರಿಂಗ್ಟನ್‌ಗಳು ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಇಲ್ಲಿ ಗುಲಾಮರಾಗಿ ಇಟ್ಟುಕೊಂಡಿದ್ದರು. ಪಕ್ಕದ ಆಂಟಿಗುವಾದಲ್ಲಿ ಕಬ್ಬಿನ ತೋಟಗಳಿದ್ದವು. ಬಾರ್ಬುಡಾದ ಮಣ್ಣಿನಲ್ಲಿ ಕಬ್ಬು ಬರುವಂತಿರಲಿಲ್ಲ. ಹಾಗಾಗಿ ಇಲ್ಲಿಯವರಿಗೆ ದನ ಕುರಿ ಸಾಕುವುದು, ಕಟ್ಟಿಗೆ ಕಡಿಯುವುದು, ಮೀನು ಹಿಡಿಯುವುದು, ಬಂಡೆಗೆ ಬಡಿದು ಒಡೆದ ಹಡಗುಗಳಿಂದ ಸಾಮಾನು ಇಳಿಸುವುದು ಇಂಥ ಕೆಲಸಗಳಿದ್ದವು. ಬೆಳೆದದ್ದೆಲ್ಲ ಆಂಟಿಗುವಾದ ತೋಟಗಳಿಗೆ ಹೋಗುತ್ತಿತ್ತು. ಯಜಮಾನರು ಇದ್ದದ್ದು ಹೆಚ್ಚಾಗಿ ಇಂಗ್ಲೆಂಡಿನಲ್ಲಿ. ಇಲ್ಲಿ ಒಬ್ಬಿಬ್ಬರು ಮೇಲ್ವಿಚಾರಕರು ಮಾತ್ರ. ಗುಲಾಮರೇ ತಮ್ಮ ಹೊಟ್ಟೆಪಾಡಿಗೆ ಅಲ್ಲಲ್ಲಿ ಸಣ್ಣ ತುಂಡು ನೆಲ ಹಸನು ಮಾಡಿ ಗೆಣಸು, ಜೋಳ, ಕಡಲೆಕಾಯಿ ಹಾಕಿಕೊಳ್ಳುತ್ತಿದ್ದರು.

1834ರಲ್ಲಿ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಯಾಯಿತು. ಬಾರ್ಬುಡಾದಲ್ಲಿ ಆಗ ಇದ್ದವರು ಸುಮಾರು 500 ಜನ. ಬೇರೆ ದ್ವೀಪಗಳಲ್ಲಿ ಬಿಡುಗಡೆಯಾದ ಜನ ಹೊಟ್ಟೆಪಾಡಿಗೆ ಮತ್ತೆ ಅದೇ ಯಜಮಾನನ ತೋಟಕ್ಕೆ ಕೂಲಿಗೆ ಹೋಗಬೇಕಾಯಿತು. ನೆಲವೆಲ್ಲ ತೋಟದವರದೇ ಆಗಿತ್ತಲ್ಲ. ಬಾರ್ಬುಡಾದಲ್ಲಿ ತೋಟವೇ ಇರಲಿಲ್ಲ. ಜನ ಮೊದಲು ಉಳುತ್ತಿದ್ದ ತುಂಡಿನಲ್ಲೇ ಉಳುತ್ತ, ಮೊದಲು ಮೇಯಿಸುತ್ತಿದ್ದಲ್ಲೇ ದನ ಮೇಯಿಸುತ್ತ ಉಳಿದುಕೊಂಡರು. 1870ರಲ್ಲಿ ಕಾಡ್ರಿಂಗ್ಟನ್‌ಗಳು ಗುತ್ತಿಗೆ ಬಿಟ್ಟು ಹೊರಟುಹೋದರು. ಬಡ ಮಣ್ಣು ಬಾರ್ಬುಡಾದವರಿಗೆ ಉಪಕಾರ ಮಾಡಿತು ಎಂದು ನನಗೆ ಅನ್ನಿಸುತ್ತದೆ. ಕಬ್ಬು ಬೆಳೆಯುವ ನೆಲವಾಗಿದ್ದರೆ ಅವರ ಕೈಗೆ ಅದು ಸಿಗುತ್ತಿತ್ತೇ?

ಅಜ್ಜಿ ಹುಟ್ಟಿದ ಊರು ಯಾವುದು?

ಹೀಗೆ ಹುಟ್ಟಿಕೊಂಡದ್ದು ಬಾರ್ಬುಡಾದ ಪದ್ಧತಿ. ನೆಲ ಯಾರೊಬ್ಬರದೂ ಅಲ್ಲ, ಎಲ್ಲರದೂ. ನಮ್ಮ ಹಳ್ಳಿಗಳಲ್ಲಿ ಗೋಮಾಳ ಇತ್ತಲ್ಲ, ಊರಿನ ದನಗಳೆಲ್ಲ ಮೇಯುತ್ತಿದ್ದ ಜಾಗ, ಅಜ್ಜ ತೋರಿಸಿರಬಹುದು. ಇಡೀ ದ್ವೀಪವೇ ಒಂದು ಗೋಮಾಳ ಎಂದುಕೊಳ್ಳಿ. ಊರೊಳಗೆ ಮನೆಗೆ ಒಂದು ಜಾಗ, ಊರ ಹೊರಗೆ ಬೆಳೆಗೆ ಒಂದು ತುಂಡು. ತೆಳು ಮಣ್ಣಿನ ಸಾರ ಮುಗಿದ ಮೇಲೆ ಆ ತುಂಡು ಬಿಟ್ಟು ಇನ್ನೊಂದು ಕಡೆ ಉತ್ತರಾಯಿತು. ಬಿಟ್ಟ ತುಂಡು ಮತ್ತೆ ಕುರುಚಲು ಬೆಳೆದು ಸುಧಾರಿಸಿಕೊಳ್ಳುತ್ತಿತ್ತು.

ಸರ್ಕಾರದ ಕಾಗದದಲ್ಲಿ ಮಾತ್ರ ಬಹಳ ಕಾಲ ಲೆಕ್ಕ ಬೇರೆ ಇತ್ತು. 1904ರ ಕಾಯಿದೆಯ ಪ್ರಕಾರ ನೆಲ ಬ್ರಿಟಿಷ್ ದೊರೆಯದು, ಜನ ಅಲ್ಲಿ ಒಕ್ಕಲು ಇರುವವರು ಅಷ್ಟೇ. ಜನ ಆ ಕಾಗದವನ್ನು ಒಪ್ಪಿದ್ದು ಅಷ್ಟಕ್ಕಷ್ಟೆ. 1976ರಲ್ಲಿ ಊರಿನ ಆಡಳಿತಕ್ಕೆ ಬಾರ್ಬುಡಾ ಕೌನ್ಸಿಲ್ ಬಂತು. ನಮ್ಮ ಗ್ರಾಮ ಪಂಚಾಯಿತಿಯಂಥದ್ದು, ಆದರೆ ಅದಕ್ಕಿಂತ ಹೆಚ್ಚು ಅಧಿಕಾರ ಇರುವಂಥದ್ದು. 1981ರ ನವೆಂಬರ್ 1ರಂದು ಎರಡೂ ದ್ವೀಪಗಳು ಸೇರಿ ಸ್ವತಂತ್ರ ದೇಶವಾದವು. ಆಂಟಿಗುವಾದ ಜೊತೆ ಕಟ್ಟಿಹಾಕಬೇಡಿ, ನಮ್ಮನ್ನು ಬೇರೆಯಾಗಿ ಬಿಡಿ ಎಂದು ಬಾರ್ಬುಡಾದ ಪ್ರತಿನಿಧಿಗಳು ಆಗಲೇ ಕೇಳಿಕೊಂಡಿದ್ದರು. ಅವರಿಗೆ ಇದ್ದ ಭಯ ನೆಲದ್ದೇ.

ಕೊನೆಗೆ 2007ರಲ್ಲಿ ದೇಶದ ಸಂಸತ್ತು ‘ಬಾರ್ಬುಡಾ ಭೂ ಕಾಯಿದೆ’ ಮಾಡಿತು. ಜನ ಬಾಯಿಮಾತಿನಲ್ಲಿ ನಡೆಸಿಕೊಂಡು ಬಂದದ್ದು ಮೊದಲ ಬಾರಿಗೆ ಕಾನೂನಾಯಿತು. ಬಾರ್ಬುಡಾದ ಎಲ್ಲ ನೆಲ ಅಲ್ಲಿಯ ಜನರಿಗೆ ಒಟ್ಟಾಗಿ ಸೇರಿದ್ದು, ಮಾರುವಂತಿಲ್ಲ. ಹದಿನೆಂಟು ತುಂಬಿದ ಪ್ರತಿಯೊಬ್ಬ ಬಾರ್ಬುಡಾದವರಿಗೆ, ಹೆಣ್ಣಾಗಲಿ ಗಂಡಾಗಲಿ, ಮನೆಗೆ ಒಂದು ಜಾಗ, ಬೇಸಾಯಕ್ಕೋ ದನಕ್ಕೋ ಒಂದು ಜಾಗ, ವ್ಯಾಪಾರಕ್ಕೆ ಒಂದು ಜಾಗ ಕೇಳುವ ಹಕ್ಕಿದೆ. ಹಣ ಕೊಡಬೇಕಾಗಿಲ್ಲ. ಕೌನ್ಸಿಲ್‌ಗೆ ಅರ್ಜಿ ಹಾಕಿದರೆ ಆಯಿತು.

ಇಲ್ಲೊಂದು ಚೆಂದದ ವಿಷಯವಿದೆ. ‘ಬಾರ್ಬುಡಾದವರು’ ಎಂದರೆ ಯಾರು? ಕಾನೂನು ಹೇಳುತ್ತದೆ: ದ್ವೀಪದಲ್ಲಿ ಹುಟ್ಟಿದವರಾಗಿರಬೇಕು, ಅವರ ಅಜ್ಜ-ಅಜ್ಜಿಯರಲ್ಲಿ ಒಬ್ಬರಾದರೂ ಅಲ್ಲೇ ಹುಟ್ಟಿರಬೇಕು. ಅಂಥವರ ಮಕ್ಕಳು ಲೋಕದಲ್ಲಿ ಎಲ್ಲೇ ಹುಟ್ಟಲಿ, ಅವರೂ ಬಾರ್ಬುಡಾದವರೇ. ನಾವು ಸೈಟು ತೆಗೆದುಕೊಳ್ಳುವಾಗ ಖಾತೆ, ಕ್ರಯಪತ್ರ, ಪಹಣಿ ಎಂದು ಫೈಲು ಹಿಡಿದು ಸಬ್ ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತಿ ಇಳಿಯುತ್ತೇವೆ. ಅಲ್ಲಿ ಕೇಳುವ ಮುಖ್ಯ ಪ್ರಶ್ನೆ, ನಿಮ್ಮ ಅಜ್ಜಿ ಹುಟ್ಟಿದ್ದು ಎಲ್ಲಿ?

ಹೊರಗಿನವರು ಹೋಟೆಲೋ ಮತ್ತೊಂದೋ ಕಟ್ಟಬೇಕೆಂದರೆ ಗುತ್ತಿಗೆಗೆ ಮಾತ್ರ ನೆಲ. ಯೋಜನೆಯ ವೆಚ್ಚ ಅಲ್ಲಿಯ 54 ಲಕ್ಷ ಡಾಲರ್ ಮೀರಿದರೆ (ಅಮೆರಿಕದ ಲೆಕ್ಕದಲ್ಲಿ 20 ಲಕ್ಷ ಡಾಲರ್) ಊರಿನ ಹೆಚ್ಚಿನ ಜನ ಒಪ್ಪಲೇಬೇಕು. ಎರಡು ಸಾವಿರ ಜನರ ಊರಿನಲ್ಲಿ ಇದೇನು ದೊಡ್ಡ ಕಷ್ಟವಲ್ಲ. ಆದರೆ ದುಡ್ಡು ಹಾಕಲು ಬಂದವರಿಗೆ ಇದು ಕಿರಿಕಿರಿ.

ಕಿರಿಕಿರಿ ತಪ್ಪಿಸಿಕೊಳ್ಳುವ ದಾರಿಯೂ ಬೇಗ ಕಂಡಿತು. ದ್ವೀಪದಲ್ಲಿ ಹಿಂದೆ ‘ಕೆ ಕ್ಲಬ್’ ಎಂಬ ಐಷಾರಾಮಿ ಹೋಟೆಲಿತ್ತು. ಇಂಗ್ಲೆಂಡಿನ ರಾಜಕುಮಾರಿ ಡಯಾನಾ ಅಲ್ಲಿ ರಜೆ ಕಳೆಯಲು ಬರುತ್ತಿದ್ದರು. ಅದು ಮುಚ್ಚಿ ಹಾಳುಬಿದ್ದಿತ್ತು. ಹಾಲಿವುಡ್ ನಟ ರಾಬರ್ಟ್ ಡಿ ನಿರೊ ಮತ್ತು ಅವರ ಜೊತೆಗಾರರು ಆ ಜಾಗ, ಜೊತೆಗೆ ಇನ್ನಷ್ಟು ಸೇರಿ ಸುಮಾರು 390 ಎಕರೆಯಲ್ಲಿ ಹೊಸ ರೆಸಾರ್ಟ್ ಕಟ್ಟಲು ಮುಂದೆ ಬಂದರು. 2015ರಲ್ಲಿ ಸರ್ಕಾರ ಈ ಒಂದು ಯೋಜನೆಗೆಂದೇ ಬೇರೆ ಕಾಯಿದೆ ತಂದು, ಭೂ ಕಾಯಿದೆ ಇದಕ್ಕೆ ಅನ್ವಯಿಸದು ಎಂದಿತು. ಗುತ್ತಿಗೆಯ ಅವಧಿ 198 ವರ್ಷ. ಇವತ್ತು ಹುಟ್ಟಿದ ಮಗುವಿನ ಮರಿಮಗನ ಮೊಮ್ಮಗನೂ ಅದು ಮುಗಿಯುವುದನ್ನು ಕಾಣುತ್ತಾನೋ ಇಲ್ಲವೋ!

ಗಾಳಿ ಬಂದ ರಾತ್ರಿ

2017ರ ಸೆಪ್ಟೆಂಬರ್ 6. ಮಧ್ಯರಾತ್ರಿ ದಾಟಿ ಸ್ವಲ್ಪ ಹೊತ್ತಿಗೆ ‘ಇರ್ಮಾ’ ಎಂಬ ಚಂಡಮಾರುತ ಬಾರ್ಬುಡಾದ ಮೇಲೆಯೇ ಹಾದುಹೋಯಿತು. ಗಾಳಿಯ ವೇಗ ಗಂಟೆಗೆ 285 ಕಿಲೋಮೀಟರ್ ಆಸುಪಾಸು. ನಮ್ಮ ಅತಿ ವೇಗದ ರೈಲು ಓಡುವುದಕ್ಕಿಂತ ಎಷ್ಟೋ ಹೆಚ್ಚು. ಚಾವಣಿಗಳು ಎದ್ದು ಹಾರಿದವು. ಜನ ಬಚ್ಚಲಲ್ಲಿ, ಕಪಾಟಿನಲ್ಲಿ ಅವಿತು ಕೂತರು. ಬೆಳಗಾದಾಗ ಊರಿನ ಹತ್ತು ಕಟ್ಟಡಗಳಲ್ಲಿ ಒಂಬತ್ತಕ್ಕೆ ಏಟು ಬಿದ್ದಿತ್ತು. ಎರಡು ವರ್ಷದ ಒಂದು ಮಗು ತೀರಿಕೊಂಡಿತ್ತು.

ಅಷ್ಟರಲ್ಲೇ ಇನ್ನೊಂದು ಚಂಡಮಾರುತ ‘ಹೊಸೆ’ ಅದೇ ದಾರಿಯಲ್ಲಿ ಬರುತ್ತಿದೆ ಎಂದು ಸುದ್ದಿ. ಹೆಚ್ಚುಕಡಿಮೆ 1,800 ಜನ, ಅಂದರೆ ಇಡೀ ದ್ವೀಪ, ದೋಣಿ ಹತ್ತಿ ಆಂಟಿಗುವಾಕ್ಕೆ ಹೋಗಬೇಕಾಯಿತು. ಮೈಮೇಲಿನ ಬಟ್ಟೆ, ಕೈಗೆ ಸಿಕ್ಕ ಚೀಲ, ಅಷ್ಟೆ. ನಾಯಿಗಳು ದಡದಲ್ಲೇ ಉಳಿದವು. ಹಲವರಿಗೆ ಆಂಟಿಗುವಾದಲ್ಲಿ ಮಲಗಲು ಸಿಕ್ಕ ಜಾಗ ಯಾವುದು ಗೊತ್ತೇ? ಕೊಹ್ಲಿ ದ್ವಿಶತಕ ಹೊಡೆದ ಆ ಕ್ರೀಡಾಂಗಣದ ಕಟ್ಟಡಗಳು. ಮಕ್ಕಳು ಅಲ್ಲಿಯ ಶಾಲೆಗಳಿಗೆ ಸೇರಿಕೊಂಡರು. ಹೊಸ ಮೇಷ್ಟರು, ಹೊಸ ಬೆಂಚು, ಪಕ್ಕದಲ್ಲಿ ಪರಿಚಯವಿಲ್ಲದ ಮುಖಗಳು. ಮುನ್ನೂರು ವರ್ಷಗಳಲ್ಲಿ ಮೊದಲ ಸಲ ಬಾರ್ಬುಡಾದಲ್ಲಿ ಮನುಷ್ಯರಿಲ್ಲ ಎಂದು ಆ ದೇಶದ ರಾಯಭಾರಿಯೊಬ್ಬರು ಹೇಳಿದರು.

ಹೊಸೆ ಪಕ್ಕಕ್ಕೆ ಸರಿದು ಹೋಯಿತು. ಆದರೆ ಜನ ಕೂಡಲೇ ವಾಪಸಾಗುವಂತಿರಲಿಲ್ಲ. ಕರೆಂಟಿಲ್ಲ, ಕುಡಿಯುವ ನೀರಿಲ್ಲ, ಶಾಲೆ ಆಸ್ಪತ್ರೆ ಇಲ್ಲ. ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಆಂಟಿಗುವಾದಲ್ಲೇ ಉಳಿದವು.

ಊರಲ್ಲಿ ಜನವಿಲ್ಲದ ಆ ಸಮಯದಲ್ಲೇ ಎರಡು ಕೆಲಸ ಶುರುವಾದವು. ಒಂದು, ಬುಲ್‌ಡೋಜರ್ ಬಂದು ಕಾಡು ಸವರಿ ಹೊಸ ವಿಮಾನ ನಿಲ್ದಾಣಕ್ಕೆ ಜಾಗ ಮಾಡತೊಡಗಿತು. ಇನ್ನೊಂದು, ಭೂ ಕಾಯಿದೆ ಬದಲಾಯಿಸುವ ಮಾತು.

ಒಂದು ಡಾಲರಿಗೆ ಹಕ್ಕುಪತ್ರ

ಪ್ರಧಾನಿ ಗ್ಯಾಸ್ಟನ್ ಬ್ರೌನ್ ಮುಂದಿಟ್ಟ ಮಾತು ಹೀಗಿತ್ತು. ಬಾರ್ಬುಡಾದ ಪ್ರತಿ ಕುಟುಂಬವೂ ತಾನು ವಾಸವಿರುವ ಜಾಗವನ್ನು ಸ್ವಂತಕ್ಕೆ ಕೊಂಡುಕೊಳ್ಳಲಿ. ಬೆಲೆ ಒಂದೇ ಡಾಲರ್. ಅಲ್ಲಿಯ ಒಂದು ಡಾಲರ್ ಎಂದರೆ ನಮ್ಮ ಮೂವತ್ತು ರೂಪಾಯಿಯ ಆಸುಪಾಸು. ಒಂದು ಪ್ಲೇಟು ಇಡ್ಲಿಯ ದುಡ್ಡಿಗೆ ಒಂದು ಸೈಟು!

ಸರ್ಕಾರದ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಕ್ಕುಪತ್ರ ಇಲ್ಲದಿದ್ದರೆ ಬ್ಯಾಂಕು ಸಾಲ ಕೊಡುವುದಿಲ್ಲ. ಸಾಲವಿಲ್ಲದೆ ಗಟ್ಟಿ ಮನೆ ಕಟ್ಟುವುದು ಹೇಗೆ? ಚಂಡಮಾರುತ ಬಂದಾಗಲೆಲ್ಲ ಮನೆ ಕಟ್ಟಿಕೊಡಿ ಎಂದು ಸರ್ಕಾರದ ಮುಂದೆ ನಿಲ್ಲುವುದು ಎಷ್ಟು ದಿನ? ದೊಡ್ಡ ಹೋಟೆಲು ಬಂದರೆ ಕೆಲಸ ಬರುತ್ತದೆ, ಹುಡುಗರು ಊರು ಬಿಟ್ಟು ಹೋಗುವುದು ತಪ್ಪುತ್ತದೆ. ಬಾರ್ಬುಡಾದ ಖರ್ಚಿಗೆ ಆಂಟಿಗುವಾದವರು ಕಟ್ಟುವ ತೆರಿಗೆಯೇ ಆಗಬೇಕು ಎಂಬ ಗೊಣಗು ಬೇರೆ. ನಮ್ಮಲ್ಲಿ ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಕಾದವರಿಗೆ ಈ ವಾದದ ತೂಕ ಚೆನ್ನಾಗಿ ಗೊತ್ತು.

ಆದರೆ ಬಾರ್ಬುಡಾದ ಹಲವರು ಬೇಡ ಎಂದರು. ನಮ್ಮದೇ ಆದದ್ದನ್ನು ನಾವು ಯಾಕೆ ಕೊಂಡುಕೊಳ್ಳಬೇಕು ಎನ್ನುವುದು ಮೊದಲ ಮಾತು. ಇವತ್ತು ನನ್ನ ಹೆಸರಿಗೆ ಒಂದು ಡಾಲರಿಗೆ ಬಂದ ಜಾಗವನ್ನು ನಾಳೆ ಕಷ್ಟಕಾಲದಲ್ಲಿ ನಾನೇ ಹೊರಗಿನವರಿಗೆ ಮಾರಿದರೆ, ಆ ಹಣ ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಮೊಮ್ಮಕ್ಕಳು ಹದಿನೆಂಟು ತುಂಬಿ ಜಾಗ ಕೇಳಿದಾಗ ಎಲ್ಲಿಂದ ತರುವುದು ಎನ್ನುವುದು ಎರಡನೆಯದು. ನನ್ನ ಮನಸ್ಸು ಈ ಎರಡನೇ ಮಾತಿನ ಕಡೆಗೇ ವಾಲುತ್ತದೆ. ಅಪ್ಪನ ಕಾಲದಲ್ಲಿ ಎಕರೆಗೆ ಇಷ್ಟು ಎಂದು ಖುಷಿಯಿಂದ ಜಮೀನು ಮಾರಿ, ಈಗ ಅದೇ ಜಾಗದ ಬಡಾವಣೆಯಲ್ಲಿ ಬಾಡಿಗೆ ಮನೆಯಲ್ಲಿರುವವರು ಬೆಂಗಳೂರಿನ ಸುತ್ತ ಯಾವ ಹಳ್ಳಿಯಲ್ಲಿ ಇಲ್ಲ?

ಜನರ ಮಾತು ನಡೆಯಲಿಲ್ಲ. ಮೊದಲು ತಿದ್ದುಪಡಿ ಬಂತು, 2018ರಲ್ಲಿ 2007ರ ಕಾಯಿದೆಯೇ ರದ್ದಾಯಿತು. ಊರಿನವರು ಕೋರ್ಟಿಗೆ ಹೋದರು. ಆ ದೇಶದ ಕೊನೆಯ ನ್ಯಾಯಾಲಯ ಇರುವುದು ಏಳು ಸಾವಿರ ಕಿಲೋಮೀಟರಿಗೆ ಸಮೀಪ ದೂರದ ಲಂಡನ್ನಿನಲ್ಲಿ, ಹೆಸರು ಪ್ರಿವಿ ಕೌನ್ಸಿಲ್. ನಮ್ಮ ದೇಶದ ಮೇಲ್ಮನವಿಗಳೂ 1949ರ ತನಕ ಅಲ್ಲಿಗೇ ಹೋಗುತ್ತಿದ್ದವು. ಹಿರಿಯರು ‘ಪ್ರಿವಿ ಕೌನ್ಸಿಲ್ಲಿಗೆ ಹೋದರೂ ಬಿಡೆನು’ ಎಂದು ಜಗಳವಾಡುವುದನ್ನು ಕೆಲವರಾದರೂ ಕೇಳಿರಬಹುದು. ಲಂಡನ್ ಬೇಡ, ಕೆರಿಬಿಯನ್‌ನಲ್ಲೇ ಇರುವ ನ್ಯಾಯಾಲಯ ಸಾಕೇ ಎಂದು 2018ರ ನವೆಂಬರಿನಲ್ಲಿ ಆ ದೇಶದವರನ್ನು ಕೇಳಿದ್ದರು. ಬೇಡ, ಲಂಡನ್ನೇ ಇರಲಿ ಎಂದು ಹೆಚ್ಚಿನವರು ವೋಟು ಹಾಕಿದರು.

2022ರ ಜೂನ್‌ನಲ್ಲಿ ಲಂಡನ್ನಿನ ತೀರ್ಪು ಬಂತು. ಬಾರ್ಬುಡಾದವರಿಗೆ ನೆಲದ ಮೇಲಿದ್ದ ಒಟ್ಟುಹಕ್ಕು ಸಂವಿಧಾನ ರಕ್ಷಿಸುವ ‘ಆಸ್ತಿ’ಯ ಲೆಕ್ಕಕ್ಕೆ ಬರುವುದಿಲ್ಲ. ಸಂಸತ್ತು ಕೊಟ್ಟದ್ದನ್ನು ಸಂಸತ್ತು ವಾಪಸು ತೆಗೆದುಕೊಳ್ಳಬಹುದು, ಪರಿಹಾರ ಕೊಡಬೇಕಾಗಿಲ್ಲ. ಎಲ್ಲರದೂ ಆದದ್ದು ಕಾನೂನಿನ ಕಣ್ಣಿಗೆ ಯಾರ ಆಸ್ತಿಯೂ ಆಗಲಿಲ್ಲ.

ಹಕ್ಕಿಗಳ ಕಾಲೊನಿ

ಇಷ್ಟೆಲ್ಲ ಮನುಷ್ಯರ ಜಗಳದ ನಡುವೆ ದ್ವೀಪದ ಇನ್ನೊಂದು ಪಂಗಡವನ್ನು ಮರೆಯಬಾರದು. ಊರಿನ ಪಕ್ಕದಲ್ಲೇ ದೊಡ್ಡ ಉಪ್ಪುನೀರಿನ ಕೊಳವಿದೆ, ಕಾಡ್ರಿಂಗ್ಟನ್ ಲಗೂನ್. ಅದರ ಉತ್ತರ ಭಾಗದಲ್ಲಿ ನೀರಿನಲ್ಲೇ ನಿಂತ ಕಾಂಡ್ಲಾ ಗಿಡಗಳು. ಅವುಗಳ ಮೇಲೆ ಸಾವಿರಾರು ಫ್ರಿಗೇಟ್ ಹಕ್ಕಿಗಳು ಗೂಡು ಕಟ್ಟುತ್ತವೆ. ಈ ಜಾತಿಯ ಹಕ್ಕಿಗಳ ಅತಿ ದೊಡ್ಡ ವಸತಿಗಳಲ್ಲಿ ಇದೂ ಒಂದು. ಕಪ್ಪು ಮೈ, ಕವಲು ಬಾಲ, ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗಿಂತ ಅಗಲ. ಗಂಡು ಹಕ್ಕಿ ಹೆಣ್ಣನ್ನು ಒಲಿಸಿಕೊಳ್ಳಲು ಗಂಟಲಿನ ಕೆಂಪು ಚೀಲವನ್ನು ಬಲೂನಿನ ಹಾಗೆ ಊದಿಕೊಂಡು ಕೂರುತ್ತದೆ. ಜಾತ್ರೆಯಲ್ಲಿ ಬಲೂನು ಮಾರುವವರ ಸಾಲೇ ಗಿಡದ ಮೇಲೆ ಕೂತಂತೆ!

ತಮಾಷೆ ಏನೆಂದರೆ, ಕಡಲ ಹಕ್ಕಿಯಾಗಿಯೂ ಇದರ ಗರಿ ನೀರನ್ನು ತಡೆಯುವುದಿಲ್ಲ. ನೀರಿನ ಮೇಲೆ ಕೂರುವಂತಿಲ್ಲ. ಹಾಗಾಗಿ ನೀರಿನ ಮೇಲ್ಮೈಯಿಂದ ಮೀನನ್ನು ಎತ್ತಿಕೊಳ್ಳುತ್ತದೆ, ಇಲ್ಲವೇ ಬೇರೆ ಹಕ್ಕಿ ಹಿಡಿದ ಮೀನನ್ನು ಬೆನ್ನಟ್ಟಿ ಕಸಿದುಕೊಳ್ಳುತ್ತದೆ. ಈ ದರೋಡೆಕೋರನೇ ಆ ದೇಶದ ರಾಷ್ಟ್ರಪಕ್ಷಿ.

ಇರ್ಮಾ ಬಂದಾಗ ಕಾಂಡ್ಲಾ ಗಿಡಗಳ ಎಲೆಯೆಲ್ಲ ಉದುರಿ ಕಡ್ಡಿ ಉಳಿಯಿತು, ಹಕ್ಕಿಗಳು ಕಾಣೆಯಾದವು. ಲಗೂನಿಗೂ ಸಮುದ್ರಕ್ಕೂ ನಡುವೆ ಇದ್ದ ಮರಳುದಿಬ್ಬ ಒಡೆದು ಕಡಲು ಒಳಗೆ ಬಂತು. ಮನುಷ್ಯರು ಇನ್ನೂ ಆಂಟಿಗುವಾದಲ್ಲಿ ಅರ್ಜಿ ಬರೆಯುತ್ತಿದ್ದಾಗಲೇ ಹಕ್ಕಿಗಳು ವಾಪಸು ಬಂದು ಕೂತಿದ್ದವು. ಅವಕ್ಕೆ ಕರೆಂಟು ಬೇಕಿರಲಿಲ್ಲ.

ಈ ಲಗೂನು 2005ರಲ್ಲೇ ರಾಮ್ಸಾರ್ ಪಟ್ಟಿಗೆ ಸೇರಿದೆ. ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿ ಅದು. ನಮ್ಮ ರಂಗನತಿಟ್ಟು ಅದಕ್ಕೆ ಸೇರಿದ್ದು 2022ರಲ್ಲಿ. ಲಗೂನಿನ ದಕ್ಷಿಣಕ್ಕೆ, ದ್ವೀಪದ ನೈರುತ್ಯ ಮೂಲೆಯಲ್ಲಿ ಪಾಮೆಟೊ ಪಾಯಿಂಟ್ ಎಂಬ ಜಾಗವಿದೆ. ಅಲ್ಲಿ ಈಗ ‘ಬಾರ್ಬುಡಾ ಓಷನ್ ಕ್ಲಬ್’ ಎದ್ದಿದೆ. ಗಾಲ್ಫ್ ಮೈದಾನ, ಕಡಲಿಗೆ ಮುಖಮಾಡಿದ ಬಂಗಲೆಗಳು. ಒಂದೊಂದು ಮನೆಗೆ ನಮ್ಮ ಲೆಕ್ಕದಲ್ಲಿ ಹತ್ತಾರು ಕೋಟಿ ರೂಪಾಯಿ. ಮರಳುದಿಬ್ಬ, ಜೌಗು ಹಾಳಾದರೆ ಮುಂದಿನ ಚಂಡಮಾರುತಕ್ಕೆ ಅಡ್ಡ ಏನಿರುತ್ತದೆ ಎಂದು ಊರಿನವರು ಕೇಳುತ್ತಾರೆ. ನಾವು ಪರಿಸರವನ್ನು ನೋಡಿಕೊಂಡೇ ಕಟ್ಟುತ್ತಿದ್ದೇವೆ, ಊರಿನವರಿಗೆ ಕೆಲಸ ಕೊಟ್ಟಿದ್ದೇವೆ ಎಂದು ಕಟ್ಟುವವರು ಹೇಳುತ್ತಾರೆ. ಊರಿನ ಹಲವರು ಅಲ್ಲಿ ಕೆಲಸಕ್ಕೆ ಹೋಗುತ್ತಾರೆ ಎನ್ನುವುದೂ ನಿಜವೇ. ಒಂದೇ ಮನೆಯಲ್ಲಿ ಅಜ್ಜ ವಿರೋಧದ ಸಭೆಗೆ, ಮೊಮ್ಮಗ ರೆಸಾರ್ಟಿನ ಡ್ಯೂಟಿಗೆ ಹೋಗುವ ಪರಿಸ್ಥಿತಿ. ಇಬ್ಬರಲ್ಲಿ ಯಾರನ್ನು ತಪ್ಪು ಎನ್ನುತ್ತೀರಿ?

ಎಷ್ಟು ವಿಚಿತ್ರ ನೋಡಿ. ರಾಣಿಯ ಕಾಲದಲ್ಲಿ ಇಡೀ ದ್ವೀಪಕ್ಕೆ ಒಂದು ಕುರಿ. ಊರಿನವರಿಗೆ ಬೆಲೆಯೇ ಇಲ್ಲ. ಆಮೇಲೆ ಸೈಟಿಗೆ ಒಂದು ಡಾಲರ್. ಈಗ ಅದೇ ಮರಳಿನ ಮೇಲೆ ಮನೆಗೆ ಹತ್ತಾರು ಕೋಟಿ. ಕಬ್ಬು ಬೆಳೆಯದ ನೆಲ ಎಂದು ಯಾರಿಗೂ ಬೇಡವಾಗಿದ್ದು, ಬಿಸಿಲು ಮತ್ತು ಖಾಲಿ ಕಡಲತೀರ ಮಾರಾಟದ ಸರಕಾದ ಮೇಲೆ ಎಲ್ಲರಿಗೂ ಬೇಕಾಗಿದೆ. ಪಕ್ಕದ ಆಂಟಿಗುವಾದಲ್ಲಂತೂ ಇಂತಿಷ್ಟು ಹಣದ ಮನೆ ಕೊಂಡರೆ ದೇಶದ ಪಾಸ್‌ಪೋರ್ಟೇ ಸಿಗುವ ಯೋಜನೆ 2013ರಿಂದ ಇದೆ. ನಮ್ಮ ಪತ್ರಿಕೆಗಳಲ್ಲೂ ಆಗಾಗ ಅದರ ಸುದ್ದಿ ಬರುವುದುಂಟು.

ಈಗ ಊರಲ್ಲಿ

ಹಾಗೆಂದು ಬಾರ್ಬುಡಾದವರು ದಿನವಿಡೀ ತಲೆಮೇಲೆ ಕೈಹೊತ್ತು ಕೂತಿಲ್ಲ. ದಾನಿಗಳ, ಹೊರದೇಶಗಳ ನೆರವಿನಿಂದ ಹಲವು ಮನೆಗಳಿಗೆ ಚಾವಣಿ ಬಂತು. ಶಾಲೆಗಳು ಮತ್ತೆ ತೆರೆದವು. ಬೆಸ್ತರು ಲಾಬ್‌ಸ್ಟರ್ ಹಿಡಿಯಲು ಮುಂಚಿನಂತೆ ಹೋಗುತ್ತಾರೆ. ರಜೆಯ ದಿನ ಕುದುರೆ ಓಟ ನಡೆಯುತ್ತದೆ, ಬೇಸಿಗೆಯ ಹೊತ್ತಿಗೆ ‘ಕರಿಬಾನಾ’ ಎಂಬ ಊರಹಬ್ಬ. ಆಂಟಿಗುವಾ, ಅಮೆರಿಕ, ಇಂಗ್ಲೆಂಡಿನಲ್ಲಿರುವ ಮಕ್ಕಳು ಮೊಮ್ಮಕ್ಕಳು ಹಬ್ಬಕ್ಕೆ ಬಂದು ಹೋಗುತ್ತಾರೆ. ಕೌನ್ಸಿಲ್ ಈಗಲೂ ಇದೆ, ಅದಕ್ಕೆ ಚುನಾವಣೆಯೂ ನಡೆಯುತ್ತದೆ.

ಆ ವಿಮಾನ ನಿಲ್ದಾಣದ ಕತೆ ಹೇಳುವುದು ಬಾಕಿ ಇದೆ. ಅದರ ಅನುಮತಿ ಕ್ರಮವಾಗಿ ಕೊಟ್ಟದ್ದಲ್ಲ ಎಂದು 2018ರಲ್ಲಿ ಇಬ್ಬರು ಕೋರ್ಟಿಗೆ ಹೋದರು. ಒಬ್ಬರು ಕಡಲ ಜೀವಶಾಸ್ತ್ರ ಓದಿಕೊಂಡಿದ್ದ, ಊರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಜಾನ್ ಮಸಿಂಗ್ಟನ್. ಇನ್ನೊಬ್ಬರು ನಿವೃತ್ತ ಶಿಕ್ಷಕಿ ಜಾಕ್ಲಿನ್ ಫ್ರ್ಯಾಂಕ್. ನಿಮಗೆ ಇದನ್ನು ಪ್ರಶ್ನಿಸುವ ಅಧಿಕಾರವೇ ಇಲ್ಲ ಎಂದು 2021ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇಬ್ಬರು ಮೇಷ್ಟರುಗಳೂ ಬಿಡಲಿಲ್ಲ, ಲಂಡನ್ನಿಗೆ ಹೋದರು. 2024ರ ಫೆಬ್ರುವರಿಯಲ್ಲಿ ಪ್ರಿವಿ ಕೌನ್ಸಿಲ್ ಅವರ ಪರವಾಗಿ ಹೇಳಿತು: ಅದೇ ದ್ವೀಪದಲ್ಲಿ ಬಾಳುವವರು, ಅಲ್ಲಿಯ ನೆಲ-ಜಲ ಬಲ್ಲವರು, ಅವರಿಗೆ ಕೇಳುವ ಅಧಿಕಾರ ಇದೆ.

ನಿಲ್ದಾಣ ಕಟ್ಟಬೇಕೋ ಬೇಡವೋ ಎಂದು ಆ ತೀರ್ಪು ಹೇಳಲಿಲ್ಲ. ಅದನ್ನು ಕೇಳಬಹುದು ಎಂದಷ್ಟೇ ಹೇಳಿತು. ಅಷ್ಟು ಹೊತ್ತಿಗೆ ಆರು ವರ್ಷ ಕಳೆದು ಕಾಮಗಾರಿ ಮುಗಿಯುತ್ತ ಬಂದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ರನ್‌ವೇ ಮೇಲೆ ವಿಮಾನಗಳು ಇಳಿಯತೊಡಗಿದವು.